ತಲೆಯಲ್ಲಿ ನೀರಿನ ಗುಳ್ಳೆ ಇದೆಯಂತೆ: ಎಲ್ಲ ಸಿಸ್ಟ್ ಕ್ಯಾನ್ಸರ್ ಅಲ್ಲ, ಎಲ್ಲಕ್ಕೂ ಆಪರೇಷನ್ ಬೇಕಿಲ್ಲ

ಸ್ಕ್ಯಾನ್ ಸೆಂಟರಿನಲ್ಲಿ ರಿಪೋರ್ಟ್ ಕೈಗೆ ಬಂದ ಐದೇ ನಿಮಿಷದಲ್ಲಿ ಅದರ ಫೋಟೊ ಮನೆಯವರ ವಾಟ್ಸ್‌ಆ್ಯಪ್ ಗ್ರೂಪ್ ಸೇರಿರುತ್ತದೆ. ಅದರಲ್ಲಿ ‘ಸಿಸ್ಟ್’ ಎಂಬ ಒಂದು ಪದ ಕಂಡರೆ ಸಾಕು, “ತಲ್ಯಾಗ ನೀರಿನ ಗುಳ್ಳಿ ಆಗೇತಂತ” ಎಂಬ ಸುದ್ದಿ ಊರೆಲ್ಲ ಹಬ್ಬುತ್ತದೆ. ಒಬ್ಬರು ಇದು ಕ್ಯಾನ್ಸರ್ ಎನ್ನುತ್ತಾರೆ. ಇನ್ನೊಬ್ಬರು ಎಲೆಕೋಸಿನ ಹುಳು ಮೆದುಳಿಗೆ ಹೋಗುವ ವಿಡಿಯೊ ಕಳಿಸುತ್ತಾರೆ. ಮತ್ತೊಬ್ಬರು ಗುಳ್ಳೆ ಕರಗಿಸುವ ಕಷಾಯ ಕೊಡುವವರ ನಂಬರ್ ಹಾಕುತ್ತಾರೆ. ವೈದ್ಯರು ರಿಪೋರ್ಟ್ ನೋಡುವುದು ಇದೆಲ್ಲ ಆದ ಮೇಲೆ.

ಈ ಅವಸರದಿಂದ ಎರಡು ಬಗೆಯ ನಷ್ಟ ಆಗುತ್ತದೆ. ಏನೂ ತೊಂದರೆ ಕೊಡದ ಗುಳ್ಳೆಗಾಗಿ ಹೆದರಿ ಸಾಲ ಮಾಡಿ ಊರೂರು ಅಲೆಯುವುದು ಒಂದು. ನಿಜವಾಗಿಯೂ ಅಪಾಯ ಇರುವ ಗುಳ್ಳೆಯನ್ನು ಬರೀ ತಲೆನೋವು ಎಂದು ಗುಳಿಗೆ ನುಂಗಿ ಮುಂದೂಡುವುದು ಇನ್ನೊಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳವರಿಗೆ ಈ ಎರಡನೆಯದು ಹೆಚ್ಚು ದುಬಾರಿ. ಮೆದುಳಿನ ಆಪರೇಷನ್‌ಗೆ ಇಲ್ಲಿಂದ ಒಂದೋ ಬೆಳಗಾವಿಗೆ, ಇಲ್ಲವೇ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಬೇಕು. ಹಾಗಾಗಿ ಯಾವ ಗುಳ್ಳೆಗೆ ಓಡಬೇಕು, ಯಾವುದಕ್ಕೆ ನಿಧಾನಿಸಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಸಿಸ್ಟ್ ಅಂದರೆ ಏನು?

ಸಿಸ್ಟ್ ಎಂದರೆ ತೆಳುವಾದ ಗೋಡೆ ಇರುವ ಒಂದು ಚೀಲ. ಒಳಗೆ ನೀರಿನಂಥ ದ್ರವ ಇರಬಹುದು, ಅಂಟಿನಂಥ ಲೋಳೆ ಇರಬಹುದು, ಚರ್ಮದ ಹೊಟ್ಟಿನಂಥ ಪದಾರ್ಥ ಇರಬಹುದು. ಕ್ಯಾನ್ಸರ್ ಗಡ್ಡೆ ಸುತ್ತಲಿನ ಜೀವಕೋಶಗಳೊಳಗೆ ನುಗ್ಗಿ ಬೆಳೆಯುತ್ತದೆ. ನಾವು ಇಲ್ಲಿ ಹೇಳುತ್ತಿರುವ ಸಿಸ್ಟ್‌ಗಳು ಹಾಗೆ ನುಗ್ಗುವುದಿಲ್ಲ, ಬೆಳೆದರೂ ಬದಿಗೆ ತಳ್ಳುತ್ತವೆ. ಕೆಲವು ಕ್ಯಾನ್ಸರ್ ಗಡ್ಡೆಗಳ ಒಳಗೂ ನೀರು ತುಂಬಿಕೊಳ್ಳುವುದುಂಟು. ಆದ್ದರಿಂದ ‘ಸಿಸ್ಟ್’ ಎಂಬ ಪದ ಕಂಡ ಕೂಡಲೇ ಹೆದರುವುದೂ ತಪ್ಪು, ಅದೊಂದೇ ಪದ ನೋಡಿ ನಿರಾಳ ಆಗುವುದೂ ತಪ್ಪು. ಅದು ಯಾವ ಸಿಸ್ಟ್ ಎಂಬ ಹೆಸರು ಸಿಗಬೇಕು.

ಸಾಮಾನ್ಯವಾಗಿ ರಿಪೋರ್ಟ್‌ಗಳಲ್ಲಿ ಕಾಣುವ ಹೆಸರುಗಳು ಇವು:

ಅರಾಕ್ನಾಯ್ಡ್ ಸಿಸ್ಟ್: ಮೆದುಳಿನ ಸುತ್ತಲಿನ ಪೊರೆಯ ಪದರಗಳ ನಡುವೆ ನೀರು ನಿಂತು ಆದದ್ದು. ಹೆಚ್ಚಿನವು ಹುಟ್ಟಿನಿಂದಲೇ ಇರುತ್ತವೆ. ಬೇರೆ ಕಾರಣಕ್ಕೆ ಎಂಆರ್‌ಐ ಮಾಡಿಸಿದ ನೂರು ಜನರಲ್ಲಿ ಒಬ್ಬಿಬ್ಬರಲ್ಲಿ ಇದು ಕಾಣಿಸುತ್ತದೆ. ಬಹುಪಾಲು ಮಂದಿಗೆ ಜೀವಮಾನವಿಡೀ ಇದರಿಂದ ಏನೂ ಆಗುವುದಿಲ್ಲ.

ಪೀನಿಯಲ್ ಸಿಸ್ಟ್: ಮೆದುಳಿನ ನಡುವೆ ಇರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಲ್ಲಿ ಆಗುವುದು. ಇದೂ ಹೆಚ್ಚಾಗಿ ಆಕಸ್ಮಿಕವಾಗಿ ಕಾಣಿಸುವಂಥದ್ದು, ಬಹುತೇಕ ನಿರುಪದ್ರವಿ.

ಕೊಲಾಯ್ಡ್ ಸಿಸ್ಟ್: ಬಹಳ ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಮೂವರಲ್ಲಿ ಪತ್ತೆಯಾಗುತ್ತದೆ. ಆದರೆ ಇದು ಕೂರುವ ಜಾಗ ಅಪಾಯದ್ದು.

ಎಪಿಡರ್ಮಾಯ್ಡ್ ಸಿಸ್ಟ್: ಮಗು ಗರ್ಭದಲ್ಲಿ ಬೆಳೆಯುವಾಗ ಚರ್ಮವಾಗಬೇಕಿದ್ದ ಕೆಲವು ಜೀವಕೋಶಗಳು ತಲೆಯೊಳಗೆ ಸಿಕ್ಕಿಕೊಂಡು ಆಗುವುದು. ಮುತ್ತಿನಂತೆ ಬಿಳಿಯಾಗಿ ಹೊಳೆಯುತ್ತದೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ.

ರಾತ್ಕೆ ಸಿಸ್ಟ್: ಪಿಟ್ಯುಟರಿ ಗ್ರಂಥಿಯ ಬಳಿ ಆಗುವುದು. ದೊಡ್ಡದಾದರೆ ಕಣ್ಣಿನ ನರ ಒತ್ತುತ್ತದೆ, ಹಾರ್ಮೋನ್ ಏರುಪೇರಾಗುತ್ತದೆ.

ಇವುಗಳಲ್ಲಿ ಹೆಚ್ಚಿನವುಗಳ ಮೂಲ ತಾಯಿಯ ಗರ್ಭದಲ್ಲೇ ಇದೆ. ಮೊಬೈಲ್ ದಿಂಬಿನ ಕೆಳಗೆ ಇಟ್ಟು ಮಲಗಿದ್ದರಿಂದ ಗುಳ್ಳೆ ಆಯಿತು ಎಂಬ ಮಾತಿಗೆ ಆಧಾರವಿಲ್ಲ. ಆ ಮನುಷ್ಯ ಮೊದಲ ಬಾರಿ ಮೊಬೈಲ್ ಹಿಡಿಯುವ ಎಷ್ಟೋ ಮುಂಚೆ ಗುಳ್ಳೆಯ ಬೀಜ ಅಲ್ಲಿತ್ತು.

ಗಾತ್ರಕ್ಕಿಂತ ಜಾಗ ಮುಖ್ಯ

“ಐದು ಸೆಂಟಿಮೀಟರ್ ಐತಂತ” ಎಂದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. “ಒಂದೇ ಸೆಂಟಿಮೀಟರ್” ಎಂದರೆ ಸಮಾಧಾನ ಆಗುತ್ತದೆ. ಮೆದುಳಿನ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗಬಹುದು.

ನಮ್ಮ ಮೆದುಳು ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವವನ್ನು ತಯಾರಿಸುತ್ತದೆ. ಆದರೆ ಯಾವುದೇ ಒಂದು ಹೊತ್ತಿನಲ್ಲಿ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಅಂದರೆ ದಿನಕ್ಕೆ ಮೂರ್ನಾಲ್ಕು ಸಲ ಹಳೆಯದು ಹೋಗಿ ಹೊಸದು ಬರುತ್ತದೆ. ಈ ದ್ರವ ಮೆದುಳಿನೊಳಗಿನ ಕೋಣೆಗಳಲ್ಲಿ ಹುಟ್ಟಿ, ಕಿರಿದಾದ ಕಿಂಡಿಗಳ ಮೂಲಕ ಹರಿದು, ಹೊರಗಿನ ಪೊರೆಯ ಬಳಿ ರಕ್ತಕ್ಕೆ ಸೇರುತ್ತದೆ.

ಮಲಪ್ರಭಾ ಕಾಲುವೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊಲದ ಮೂಲೆಯಲ್ಲಿ ದೊಡ್ಡ ಬಂಡೆ ಬಿದ್ದಿದ್ದರೂ ನೀರಿಗೆ ತೊಂದರೆಯಿಲ್ಲ. ತೂಬಿನ ಬಾಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿದರೆ ಹಿಂದಿನ ನೀರೆಲ್ಲ ಉಕ್ಕುತ್ತದೆ. ಅರಾಕ್ನಾಯ್ಡ್ ಸಿಸ್ಟ್ ಸಾಮಾನ್ಯವಾಗಿ ಹೊಲದ ಮೂಲೆಯ ಬಂಡೆ. ಕೊಲಾಯ್ಡ್ ಸಿಸ್ಟ್ ತೂಬಿನ ಕಲ್ಲು. ಅದು ಕೂರುವುದು ಮೂರನೇ ಕೋಣೆಯ ಮೇಲ್ಭಾಗದಲ್ಲಿ, ಎರಡೂ ಬದಿಯ ದ್ರವ ಇಳಿದು ಬರುವ ಕಿಂಡಿಗಳ ಬಳಿಯಲ್ಲೇ. ಅದು ದಾರಿ ಮುಚ್ಚಿದರೆ ಮೆದುಳಿನೊಳಗೆ ನೀರು ತುಂಬಿ ಒತ್ತಡ ಏರುತ್ತದೆ. ಇದಕ್ಕೆ ಹೈಡ್ರೋಸೆಫಾಲಸ್ ಎನ್ನುತ್ತಾರೆ. ಕೆಲವೊಮ್ಮೆ ಇದು ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು.

ಅಂದಹಾಗೆ ಮೆದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ತಲೆನೋವು ಬರುವುದು ಅದರ ಸುತ್ತಲಿನ ಪೊರೆ ಮತ್ತು ರಕ್ತನಾಳಗಳಿಂದ. ಆದ್ದರಿಂದ ದೊಡ್ಡ ಗುಳ್ಳೆ ಇದ್ದೂ ನೋವಿಲ್ಲದಿರಬಹುದು. ತಲೆನೋವಿದೆ, ಗುಳ್ಳೆಯೂ ಇದೆ ಎಂದ ಮಾತ್ರಕ್ಕೆ ನೋವಿಗೆ ಗುಳ್ಳೆಯೇ ಕಾರಣ ಎಂದೂ ಅಲ್ಲ. ಹೆಚ್ಚಿನ ತಲೆನೋವುಗಳು ಅರೆತಲೆನೋವು, ಒತ್ತಡ, ನಿದ್ದೆಗೇಡಿನಂಥ ಕಾರಣಗಳಿಂದ ಬರುತ್ತವೆ.

ಎಲೆಕೋಸಿನ ಹುಳು ಮೆದುಳಿಗೆ ಹೋಗುತ್ತದೆಯೇ?

ವರ್ಷಗಳಿಂದ ಹರಿದಾಡುತ್ತಿರುವ ಈ ಫಾರ್ವರ್ಡ್‌ನಲ್ಲಿ ಒಂದು ಎಳೆ ಸತ್ಯ ಇದೆ, ಉಳಿದದ್ದು ತಪ್ಪು. ಎಲೆಕೋಸಿನ ಎಲೆಗಳ ನಡುವೆ ಕಾಣುವ ಹಸಿರು ಹುಳು ಒಂದು ಪತಂಗದ ಮರಿ. ಅದು ಮನುಷ್ಯನ ಮೆದುಳಿಗೆ ಹೋಗುವುದಿಲ್ಲ.

ಮೆದುಳಿನಲ್ಲಿ ಗುಳ್ಳೆ ಮಾಡುವುದು ಹಂದಿ ಲಾಡಿಹುಳುವಿನ ಮರಿ. ಆ ಹುಳು ಕರುಳಲ್ಲಿರುವ ಮನುಷ್ಯನ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳು ಹೊರಬರುತ್ತವೆ. ಬಯಲು ಶೌಚ, ಕೊಳಕು ನೀರು, ತೊಳೆಯದ ಕೈಗಳಿಂದ ಆ ಮೊಟ್ಟೆಗಳು ಊಟಕ್ಕೆ ಸೇರಿ ಹೊಟ್ಟೆಗೆ ಹೋದರೆ, ಮರಿಗಳು ರಕ್ತದ ಮೂಲಕ ಮೆದುಳು ಸೇರಬಹುದು. ಎಲೆಕೋಸು, ಗಜ್ಜರಿ, ಮೂಲಂಗಿ, ಕೊತ್ತಂಬರಿ ಯಾವುದಕ್ಕಾದರೂ ಈ ಮೊಟ್ಟೆ ಅಂಟಬಹುದು. ಹಾಗಾಗಿ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಚೆನ್ನಾಗಿ ಬೇಯಿಸಿದರೆ ಮೊಟ್ಟೆ ಸಾಯುತ್ತದೆ. ಹಸಿಯಾಗಿ ತಿನ್ನುವುದನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಎಲೆಕೋಸು ಬಿಡಬೇಕಿಲ್ಲ.

ಈ ಕಾಯಿಲೆಗೆ ನ್ಯೂರೋಸಿಸ್ಟಿಸರ್ಕೋಸಿಸ್ ಎಂದು ಹೆಸರು. ಇದರ ಮೊದಲ ಲಕ್ಷಣ ಹೆಚ್ಚಾಗಿ ಫಿಟ್ಸ್. ಭಾರತದಲ್ಲಿ ಹಲವರಿಗೆ ಒಂದೇ ಒಂದು ಸಣ್ಣ ಚುಕ್ಕೆಯಂತೆ ಕಾಣಿಸುತ್ತದೆ. ಹಿಂದೆ ಸ್ಕ್ಯಾನ್‌ನಲ್ಲಿ ಇಂಥ ಚುಕ್ಕೆ ಕಂಡರೆ ಟಿಬಿ ಗಂಟು ಎಂದು ತಿಳಿದು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುತ್ತಿದ್ದರು. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇಂಥ ಚುಕ್ಕೆಗಳನ್ನು ತೆಗೆದು ಪರೀಕ್ಷಿಸಿದಾಗ, ಹೆಚ್ಚಿನವು ಲಾಡಿಹುಳುವಿನ ಮರಿಯಿಂದ ಆದವು ಎಂದು ತಿಳಿಯಿತು. ಒಂಟಿ ಚುಕ್ಕೆ ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಫಿಟ್ಸ್ ಗುಳಿಗೆಯನ್ನು ಮಾತ್ರ ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು.

ಇಲ್ಲಿ ಇನ್ನೊಂದು ಎಚ್ಚರಿಕೆ. “ಜಂತುಹುಳದ ಗುಳಿಗಿ ನುಂಗಿದರ ಸಾಕು” ಎಂದು ಅಂಗಡಿಯಿಂದ ತಂದು ನುಂಗಬೇಡಿ. ಮೆದುಳಿನಲ್ಲಿ ಹಲವು ಗುಳ್ಳೆಗಳಿದ್ದು ಅವೆಲ್ಲ ಒಮ್ಮೆಗೇ ಸತ್ತರೆ ಬಾವು ಏರಿ ಅಪಾಯ ಆಗಬಹುದು. ಅದಕ್ಕೇ ವೈದ್ಯರು ಸ್ಕ್ಯಾನ್ ನೋಡಿ, ಬಾವು ತಡೆಯುವ ಔಷಧದ ಜತೆಗೆ ಕೊಡುತ್ತಾರೆ.

ಕುರಿ, ನಾಯಿ ಮತ್ತು ಹೈಡಾಟಿಡ್ ಗುಳ್ಳೆ

ಕುರಿ ಸಾಕುವ ನಮ್ಮ ಭಾಗದವರು ತಿಳಿಯಬೇಕಾದ ಇನ್ನೊಂದು ಗುಳ್ಳೆ ಹೈಡಾಟಿಡ್. ಕುರಿಯ ಲಿವರ್, ಪುಪ್ಪುಸದಲ್ಲಿ ನೀರು ತುಂಬಿದ ಗುಳ್ಳೆಗಳನ್ನು ಕೊಯ್ಯುವವರು ನೋಡಿರುತ್ತಾರೆ. ಅದನ್ನು ಹಸಿಯಾಗಿ ನಾಯಿಗೆ ಎಸೆದರೆ ನಾಯಿಯ ಕರುಳಲ್ಲಿ ಪುಟ್ಟ ಲಾಡಿಹುಳುಗಳು ಬೆಳೆಯುತ್ತವೆ. ನಾಯಿಯ ಮಲದ ಮೊಟ್ಟೆಗಳು ಹುಲ್ಲು, ನೀರು, ನಾಯಿಯ ಮೈಕೂದಲಿಗೆ ಅಂಟಿ ಮತ್ತೆ ಕುರಿಗೂ ಮನುಷ್ಯರಿಗೂ ಬರುತ್ತವೆ. ಮನುಷ್ಯರಲ್ಲಿ ಇದು ಹೆಚ್ಚಾಗಿ ಲಿವರ್ ಮತ್ತು ಪುಪ್ಪುಸದಲ್ಲಿ ಆಗುತ್ತದೆ. ಮೆದುಳಿಗೆ ಹೋಗುವುದು ನೂರರಲ್ಲಿ ಒಂದೆರಡು ಮಾತ್ರ, ಅದೂ ಹೆಚ್ಚಾಗಿ ಮಕ್ಕಳಲ್ಲಿ.

ಇದರ ಆಪರೇಷನ್ ಬಹಳ ನಾಜೂಕಿನದು. ಗುಳ್ಳೆ ಒಡೆದರೆ ತೀವ್ರ ಅಲರ್ಜಿ ಆಗಬಹುದು, ಒಳಗಿನ ಮರಿಗಳು ಚೆಲ್ಲಿ ಹೊಸ ಗುಳ್ಳೆಗಳೂ ಏಳಬಹುದು. ಆದ್ದರಿಂದ ಶಸ್ತ್ರಚಿಕಿತ್ಸಕರು ಚಿಮಟದಿಂದ ಎಳೆಯುವುದಿಲ್ಲ. ರೋಗಿಯ ತಲೆಯನ್ನು ತಗ್ಗಿಸಿ, ಗುಳ್ಳೆ ಮತ್ತು ಮೆದುಳಿನ ನಡುವೆ ನಿಧಾನವಾಗಿ ಸಲೈನ್ ಬಿಡುತ್ತಾರೆ. ಗುಳ್ಳೆ ಇಡಿಯಾಗಿ ತೇಲಿ ಹೊರಬರುತ್ತದೆ. ಇದಕ್ಕೆ ಡೌಲಿಂಗ್ ವಿಧಾನ ಎನ್ನುತ್ತಾರೆ. ತಡೆಯುವ ದಾರಿ ಇದಕ್ಕಿಂತ ಎಷ್ಟೋ ಸುಲಭ: ಗುಳ್ಳೆ ಇರುವ ಅಂಗಗಳನ್ನು ನಾಯಿಗೆ ಹಾಕದೆ ಆಳವಾಗಿ ಹೂಳಿ ಅಥವಾ ಸುಡಿ, ಪಶುವೈದ್ಯರನ್ನು ಕೇಳಿ ನಾಯಿಗೆ ಹುಳದ ಔಷಧ ಹಾಕಿಸಿ, ನಾಯಿ ಮುಟ್ಟಿದ ಮೇಲೆ ಮಕ್ಕಳ ಕೈ ತೊಳೆಸಿ.

ಸ್ಕ್ಯಾನ್ ಏನನ್ನು ಹೇಳುತ್ತದೆ?

ಒಂದು ಕಾಲಕ್ಕೆ ತಲೆಯೊಳಗೆ ನೋಡಲು ಬೆನ್ನಿನ ಮೂಲಕ ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ರೋಗಿಗೆ ಅದು ನರಕಯಾತನೆ. ಅಂಥ ದಿನಗಳಲ್ಲೇ, 1921ರಲ್ಲಿ, ಅಮೆರಿಕದ ವಾಲ್ಟರ್ ಡ್ಯಾಂಡಿ ಕೊಲಾಯ್ಡ್ ಸಿಸ್ಟ್ ಒಂದನ್ನು ಯಶಸ್ವಿಯಾಗಿ ತೆಗೆದಿದ್ದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಗೆ ಸಿಟಿ ಸ್ಕ್ಯಾನ್ ಆಯಿತು. ಅದನ್ನು ರೂಪಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ ನೊಬೆಲ್ ಬಂತು.

ಸಿಟಿ ಬೇಗ ಆಗುತ್ತದೆ. ತುರ್ತಿನಲ್ಲಿ ರಕ್ತಸ್ರಾವ, ನೀರು ತುಂಬಿರುವುದು ತಕ್ಷಣ ಕಾಣುತ್ತದೆ. ಎಂಆರ್‌ಐಗೆ ಹೆಚ್ಚು ಹೊತ್ತು ಬೇಕು, ಆದರೆ ಎಕ್ಸ್‌ರೇ ವಿಕಿರಣ ಇರುವುದಿಲ್ಲ, ಗುಳ್ಳೆಯ ಜಾತಿ ಗುರುತಿಸಲು ಅದೇ ಉತ್ತಮ. ಸಿಟಿಯಲ್ಲಿ ಅರಾಕ್ನಾಯ್ಡ್ ಮತ್ತು ಎಪಿಡರ್ಮಾಯ್ಡ್ ಎರಡೂ ನೀರಿನಂತೆ ಕಪ್ಪಾಗಿ ಕಾಣಬಹುದು. ಎಂಆರ್‌ಐನ ಡಿಫ್ಯೂಷನ್ ಎಂಬ ಚಿತ್ರದಲ್ಲಿ ಎಪಿಡರ್ಮಾಯ್ಡ್ ಬೆಳ್ಳಗೆ ಹೊಳೆಯುತ್ತದೆ, ಅರಾಕ್ನಾಯ್ಡ್ ಕಪ್ಪಾಗಿಯೇ ಉಳಿಯುತ್ತದೆ. ಒಂದಕ್ಕೆ ಕಾಯಬಹುದು, ಇನ್ನೊಂದಕ್ಕೆ ಆಪರೇಷನ್ ಬೇಕಾಗಬಹುದು.

ರಿಪೋರ್ಟ್‌ನಲ್ಲಿ ಈ ಪದಗಳನ್ನು ಗಮನಿಸಿ. ‘ಇನ್ಸಿಡೆಂಟಲ್’ ಎಂದರೆ ಬೇರೇನೋ ಹುಡುಕುವಾಗ ಸಿಕ್ಕಿದ್ದು. ‘ಮಾಸ್ ಎಫೆಕ್ಟ್’ ಎಂದರೆ ಪಕ್ಕದ ಭಾಗವನ್ನು ಒತ್ತುತ್ತಿದೆ. ‘ಹೈಡ್ರೋಸೆಫಾಲಸ್’ ಎಂದರೆ ಕೋಣೆಗಳಲ್ಲಿ ನೀರು ತುಂಬಿದೆ. ‘ಕ್ಲಿನಿಕಲ್ ಕೋರಿಲೇಷನ್’ ಎಂದರೆ ರೋಗಿಯನ್ನು ಪರೀಕ್ಷಿಸಿ ಹೊಂದಿಸಿ ನೋಡಿ ಎಂದು ವೈದ್ಯರಿಗೆ ಹೇಳಿದ ಮಾತು. ಎರಡನೆಯದೋ ಮೂರನೆಯದೋ ಇದ್ದರೆ ತಡಮಾಡಬೇಡಿ. ಶಸ್ತ್ರಚಿಕಿತ್ಸಕರ ಬಳಿ ಹೋಗುವಾಗ ರಿಪೋರ್ಟ್‌ನ ಫೋಟೊ ಮಾತ್ರ ಸಾಲದು, ಫಿಲ್ಮ್ ಅಥವಾ ಸಿಡಿ ಒಯ್ಯಿರಿ. ಅವರು ಓದುವುದು ಚಿತ್ರವನ್ನು.

ಆಪರೇಷನ್ ಯಾವಾಗ, ಹೇಗೆ?

ಮೊದಲ ಆಯ್ಕೆ ಎಷ್ಟೋ ಸಲ ಕಾದು ನೋಡುವುದೇ. ಲಕ್ಷಣವಿಲ್ಲದ ಅರಾಕ್ನಾಯ್ಡ್ ಸಿಸ್ಟ್‌ಗೆ ಅಗತ್ಯ ಕಂಡರೆ ಕೆಲವು ತಿಂಗಳ ಬಳಿಕ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾರೆ. “ಡಾಕ್ಟರ್ ಏನೂ ಮಾಡಲಿಲ್ಲ” ಎಂದು ಬೇಸರಪಡಬೇಡಿ, ಅದೂ ಒಂದು ಚಿಕಿತ್ಸೆ. ತಲೆಗೆ ಪೆಟ್ಟು ಬಿದ್ದಾಗ ಇಂಥ ಗುಳ್ಳೆಯ ಬಳಿ ರಕ್ತಸ್ರಾವ ಆಗುವುದು ಅಪರೂಪಕ್ಕೆ ಉಂಟು. ಹಾಗಾಗಿ ಬೈಕ್ ಮೇಲೆ ಹೆಲ್ಮೆಟ್ ಬಿಡಬೇಡಿ.

ಒತ್ತಡ ಏರಿದ್ದರೆ, ಫಿಟ್ಸ್ ಅಥವಾ ಕೈಕಾಲು ಬಲಹೀನತೆ ಗುಳ್ಳೆಯಿಂದಲೇ ಎಂದು ಖಚಿತವಾದರೆ, ಗುಳ್ಳೆ ಬೆಳೆಯುತ್ತಿದ್ದರೆ ಆಪರೇಷನ್ ಬೇಕಾಗುತ್ತದೆ. ಕೊಲಾಯ್ಡ್ ಸಿಸ್ಟ್ ಒಂದು ಸೆಂಟಿಮೀಟರ್ ಮುಟ್ಟಿದ್ದರೆ ಅಥವಾ ನೀರು ತುಂಬಿದ್ದರೆ ಸಾಮಾನ್ಯವಾಗಿ ಕಾಯುವುದಿಲ್ಲ. ದಾರಿಗಳು ಹೀಗಿವೆ:

ಎಂಡೋಸ್ಕೋಪಿ: ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸುತ್ತಾರೆ. ಅರಾಕ್ನಾಯ್ಡ್ ಸಿಸ್ಟ್‌ನ ಗೋಡೆಯಲ್ಲಿ ಕಿಟಕಿಯಂತೆ ತೆರೆದರೆ ಒಳಗಿನ ನೀರು ಸಹಜ ದಾರಿಗೆ ಸೇರುತ್ತದೆ. ಎಷ್ಟೋ ಕೊಲಾಯ್ಡ್ ಸಿಸ್ಟ್‌ಗಳನ್ನೂ ಹೀಗೇ ತೆಗೆಯುತ್ತಾರೆ.

ಸೂಕ್ಷ್ಮದರ್ಶಕದ ಆಪರೇಷನ್: ಮೂಳೆಯ ಒಂದು ತುಂಡು ತೆರೆದು ಗುಳ್ಳೆಯನ್ನು ತೆಗೆಯುವುದು. ಎಪಿಡರ್ಮಾಯ್ಡ್‌ಗೆ ಹೆಚ್ಚಾಗಿ ಇದೇ ದಾರಿ. ಅದರ ಗೋಡೆ ಮುಖದ, ಕಿವಿಯ ನರಗಳಿಗೆ ಅಂಟಿದ್ದರೆ ಅಷ್ಟು ಭಾಗವನ್ನು ಬೇಕೆಂದೇ ಬಿಡುತ್ತಾರೆ. ಅದು ಅರೆಬರೆ ಕೆಲಸವಲ್ಲ, ನರ ಉಳಿಸುವ ನಿರ್ಧಾರ.

ಶಂಟ್: ತಲೆಯ ಹೆಚ್ಚುವರಿ ನೀರನ್ನು ಚರ್ಮದ ಕೆಳಗಿನ ನಳಿಕೆಯ ಮೂಲಕ ಹೊಟ್ಟೆಗೆ ಹರಿಸುವುದು. ನಳಿಕೆ ಕಟ್ಟಿಕೊಳ್ಳಬಹುದು, ಸೋಂಕು ತಗುಲಬಹುದು. ಆದ್ದರಿಂದ ಶಂಟ್ ಇರುವವರಿಗೆ ಮತ್ತೆ ತಲೆನೋವು, ವಾಂತಿ, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಪಾಯ ಇಲ್ಲದ ಆಪರೇಷನ್ ಇಲ್ಲ. ರಕ್ತಸ್ರಾವ, ಸೋಂಕು, ದ್ರವ ಸೋರುವುದು, ಫಿಟ್ಸ್ ಆಗಬಹುದು. ಕೊಲಾಯ್ಡ್ ಸಿಸ್ಟ್ ಇರುವುದು ನೆನಪಿನ ಶಕ್ತಿಗೆ ಬೇಕಾದ ನರತಂತುಗಳ ಪಕ್ಕದಲ್ಲೇ, ಅದಕ್ಕೆ ಪೆಟ್ಟಾದರೆ ಹೊಸ ನೆನಪು ನಿಲ್ಲುವುದು ಕಷ್ಟವಾಗಬಹುದು. ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಈಗ ಮಾಡದಿದ್ದರೆ ಏನಾಗುತ್ತದೆ? ಯಾವ ವಿಧಾನ, ಏಕೆ? ನಮ್ಮವರ ವಿಷಯದಲ್ಲಿ ದೊಡ್ಡ ಅಪಾಯ ಯಾವುದು? “ತಲೆ ಕೊಯ್ದರೆ ಹುಚ್ಚು ಹಿಡಿಯುತ್ತದೆ” ಎಂಬುದು ಸುಳ್ಳು. ಈ ಅಪಾಯಗಳು ನಿಜ, ಅವುಗಳ ಬಗ್ಗೆ ಕೇಳುವುದು ನಿಮ್ಮ ಹಕ್ಕು.

ಇನ್ನು ಗುಳ್ಳೆ ಕರಗಿಸುವ ಕಷಾಯ. ಹುಟ್ಟಿನಿಂದ ಬಂದ ಚೀಲ ಯಾವ ಔಷಧದಿಂದಲೂ ಕರಗುವುದಿಲ್ಲ. ಕಷಾಯ ಕುಡಿದ ಮೇಲೆ ಮಾಯವಾಯಿತು ಎನ್ನುವ ಕಥೆಗಳ ಹಿಂದೆ, ತಾನಾಗಿಯೇ ಹೋಗುವ ಲಾಡಿಹುಳುವಿನ ಚುಕ್ಕೆ ಇರಬಹುದು.

ನಮ್ಮ ತಾಲೂಕುಗಳಿಂದ ಎಲ್ಲಿಗೆ?

ತಾಲೂಕು ಆಸ್ಪತ್ರೆಗಳಲ್ಲಿ ಮೆದುಳಿನ ಆಪರೇಷನ್ ನಡೆಯುವುದಿಲ್ಲ. ಹಾಗೆಂದು ಅಲ್ಲಿಗೆ ಹೋಗುವುದು ವ್ಯರ್ಥವಲ್ಲ. ಕಣ್ಣಿನ ವೈದ್ಯರು ಕಣ್ಣಿನ ಹಿಂಭಾಗ ನೋಡಿ, ನರ ಊದಿಕೊಂಡಿದ್ದರೆ ಮೆದುಳಿನ ಒತ್ತಡ ಏರಿರಬಹುದೆಂದು ಸುಳಿವು ಕೊಡಬಲ್ಲರು. ಇದು ಕೆಲವೇ ನಿಮಿಷದ ಪರೀಕ್ಷೆ. ಅಲ್ಲಿಂದ ಬರೆದುಕೊಡುವ ರೆಫರಲ್ ಚೀಟಿಯೂ ಮುಂದೆ ಬೇಕಾಗುತ್ತದೆ.

ಕಿತ್ತೂರು ಹೆದ್ದಾರಿಯಲ್ಲೇ ಇದೆ, ಬೆಳಗಾವಿಯೂ ಧಾರವಾಡವೂ ಕೈಗೆ ಸಿಗುತ್ತವೆ. ಬೈಲಹೊಂಗಲದಿಂದಲೂ ಎರಡೂ ಕಡೆ ಹೋಗಬಹುದು. ಸವದತ್ತಿಗೆ ಧಾರವಾಡ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿ ನೂರು ಕಿಲೋಮೀಟರಿನ ಹಾದಿ, ಆದ್ದರಿಂದ ಅವರು ಬೇಗ ಹೊರಡಬೇಕು. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎನ್ನುತ್ತಿದ್ದ ಸರ್ಕಾರಿ ಆಸ್ಪತ್ರೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಇವೆ. ಇನ್ನೂ ಕಠಿಣವಾದದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೊರಡುವ ಮುನ್ನ ನಿಮಗೆ ಬೇಕಾದ ವೈದ್ಯರು ಯಾವ ದಿನ ಇರುತ್ತಾರೆ ಎಂದು ಫೋನ್ ಮಾಡಿ ಕೇಳಿ.

ಹಣದ ಚಿಂತೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಭರ್ತಿಯಾಗುವ ಮೊದಲೇ ಕಾಣಿ. ಸಲಹೆಗೆ 104, ಆಂಬುಲೆನ್ಸ್‌ಗೆ 108.

ಯಾವಾಗ ತಡ ಮಾಡಬಾರದು?

ಬೆಳಗ್ಗೆ ಏಳುವಾಗ ಹೆಚ್ಚಾಗುವ ತಲೆನೋವಿನ ಜತೆ ವಾಂತಿ, ಕಣ್ಣು ಮಂಜಾಗುವುದು ಅಥವಾ ಎರಡೆರಡು ಕಾಣುವುದು, ತೂಕಡಿಕೆ ಹೆಚ್ಚಿ ಎಬ್ಬಿಸಿದರೂ ಏಳದಿರುವುದು, ಎಚ್ಚರ ಇದ್ದೂ ಕಾಲು ಒಮ್ಮೆಲೇ ಕುಸಿಯುವುದು, ಮೊದಲ ಸಲ ಬಂದ ಫಿಟ್ಸ್, ಕೂಸಿನ ತಲೆ ಬೇಗಬೇಗ ದೊಡ್ಡದಾಗಿ ನೆತ್ತಿ ಉಬ್ಬುವುದು. ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಫಿಟ್ಸ್ ಬಂದವರ ಕೈಗೆ ಕೀಲಿಕೈ, ಕಬ್ಬಿಣ ಕೊಡಬೇಡಿ. ಉಳ್ಳಾಗಡ್ಡಿ, ಚಪ್ಪಲಿ ಮೂಸಿಸಬೇಡಿ. ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ನಿಮ್ಮ ಗ್ರೂಪಿನಲ್ಲಿ ಯಾರದೋ ಸ್ಕ್ಯಾನ್ ರಿಪೋರ್ಟ್ ಬಂದರೆ ಹುಳದ ವಿಡಿಯೊ, ಕಷಾಯದ ನಂಬರ್ ಕಳಿಸಬೇಡಿ. ಯಾವ ಸಿಸ್ಟ್, ಎಲ್ಲಿದೆ, ಏನನ್ನಾದರೂ ಒತ್ತುತ್ತಿದೆಯೇ ಎಂದು ವೈದ್ಯರನ್ನು ಕೇಳಲು ಹೇಳಿ. ಆ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಹೆದರಬೇಕೋ ಓಡಬೇಕೋ ಎಂಬುದು ಆ ಮನೆಯವರಿಗೇ ತಿಳಿಯುತ್ತದೆ.